ಅಪ್‌ಡೇಟ್: ಎರಡು ಹೆರಿಗೆ ದಿನಾಂಕಗಳ ಗೊಂದಲ ಬಗೆಹರಿದ ಬಗೆ

ಕೊನೆಯ ಮುಟ್ಟಿನ ಲೆಕ್ಕದಲ್ಲಿ 41 ವಾರ ತುಂಬಿದ್ದರೂ ಮೊದಲ ಸ್ಕ್ಯಾನಿನ ಪ್ರಕಾರ 39 ವಾರ 5 ದಿನವಷ್ಟೇ ಆಗಿರುವಾಗ ಔಷಧಿಯಿಂದ ಹೆರಿಗೆ ನೋವು ಬರಿಸಲು ಒಪ್ಪಬೇಕೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮುಟ್ಟಿನ ಲೆಕ್ಕವು 28 ದಿನಗಳ ಋತುಚಕ್ರವನ್ನು, ಅಂದರೆ ಸುಮಾರು 14ನೇ ದಿನ ಅಂಡೋತ್ಪತ್ತಿಯಾಗುತ್ತದೆ ಎಂಬುದನ್ನು, ಮೊದಲೇ ಊಹಿಸಿಕೊಂಡಿರುತ್ತದೆ. ನನ್ನ ಚಕ್ರವೋ 36ರಿಂದ 38 ದಿನಗಳದ್ದು, ಹಾಗಾಗಿ ಅಂಡೋತ್ಪತ್ತಿಯೂ ತಡವಾಗಿ ಆಗಿ, ಮುಟ್ಟಿನ ಲೆಕ್ಕ ಮುಂದೆ ಓಡಿರಬಹುದು. ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ತಿಳಿಸಿದ ಮೇಲೆ ವೈದ್ಯೆಯವರು, 10ನೇ ವಾರದಲ್ಲಿ ಮಾಡಿಸಿದ ಆ ಮೊದಲ ಸ್ಕ್ಯಾನಿಗೂ ಮುಟ್ಟಿನ ಲೆಕ್ಕಕ್ಕೂ 7 ದಿನಕ್ಕಿಂತ ಹೆಚ್ಚಿನ ಅಂತರವಿದ್ದರೆ ಸ್ಕ್ಯಾನನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕೆಂದು ವಿವರಿಸಿ ದಿನಾಂಕವನ್ನು ತಿದ್ದಿದರು. (ಎಂಟನೇ ತಿಂಗಳ ಸ್ಕ್ಯಾನ್ ಮೂರನೆಯದೊಂದು ದಿನಾಂಕ ತೋರಿಸಿತ್ತು, ಆ ಹಂತದಲ್ಲಿ ಮಗುವಿನ ಗಾತ್ರ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲವಂತೆ.)

ಕಾಯುವ ದಿನಗಳಲ್ಲಿ ಎರಡು ಬಾರಿ ಮಗುವಿನ ಎದೆಬಡಿತವನ್ನೂ ಗರ್ಭಜಲದ ಪ್ರಮಾಣವನ್ನೂ ಪರೀಕ್ಷಿಸಿದರು. ನೋವು ತಾನಾಗಿ ಬರಲೇ ಇಲ್ಲ. ತಿದ್ದಿದ ಲೆಕ್ಕದಲ್ಲೂ 41 ವಾರ ತುಂಬಿದಾಗ, ಇನ್ನೂ ಕಾದಷ್ಟೂ ಮಗುವಿಗೆ ಅಪಾಯ ಹೆಚ್ಚುತ್ತದೆ ಎಂಬುದನ್ನು ಅರಿತು ನಾನೇ ಒಪ್ಪಿದೆ. ಗರ್ಭಕಂಠ ಮೆದುವಾಗಲು ಜೆಲ್ ಇಟ್ಟು, ಮರುದಿನ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಹಾಕಿದರು. ಸಂಜೆ ಸಹಜ ಹೆರಿಗೆಯಾಯಿತು. ಮಗಳು ಆರೋಗ್ಯವಾಗಿದ್ದಾಳೆ.