ತಗ್ಗಿಸಿದ ಸ್ವಿಫ್ಟ್‌ಗೆ 17 ಇಂಚಿನ ಅಲಾಯ್ ಕೂರುತ್ತದಾ?

ಹಾಸನದ ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ನನ್ನದು 2015ರ ಸ್ವಿಫ್ಟ್ ಜೆಡ್‌ಡಿಐ. ಹೋದ ತಿಂಗಳು ನಾಲ್ಕೂ ಕಡೆ 40 ಮಿಮೀ ತಗ್ಗುವ ಸ್ಪ್ರಿಂಗ್ ಹಾಕಿಸಿದೆ. ಗಾಡಿ ತುಂಬಾ ಚೆನ್ನಾಗಿ ಕೂತಿದೆ, ಆದರೆ ಕಂಪನಿಯ 15 ಇಂಚಿನ ಚಕ್ರ ಈಗ ಒಳಗೆ ಹುದುಗಿದ ಹಾಗೆ ಕಾಣುತ್ತದೆ. ಗೆಳೆಯರೊಬ್ಬರು ತಮ್ಮ 17 ಇಂಚಿನ ಅಲಾಯ್‌ಗಳನ್ನು ಟೈರ್ ಸಮೇತ ಕೊಡ್ತೀನಿ ಅಂದಿದ್ದಾರೆ. ಚಕ್ರ 17x7 (ವ್ಯಾಸ ಮತ್ತು ಅಗಲ, ಇಂಚಿನಲ್ಲಿ), ಇಟಿ 38 (ಚಕ್ರದ ಅಗಲದ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖಕ್ಕೆ ಇರುವ ದೂರ, ಮಿಮೀಯಲ್ಲಿ), 4x100 (100 ಮಿಮೀ ವ್ಯಾಸದ ವೃತ್ತದಲ್ಲಿ ನಾಲ್ಕು ನಟ್). ಟೈರ್ 205/45, ಅಂದರೆ ಅಗಲ 205 ಮಿಮೀ, ಪಕ್ಕದ ಗೋಡೆ ಅದರ ಶೇಕಡಾ 45. ಭಾನುವಾರ ಅಡ್ವಾನ್ಸ್ ಕೊಡಬೇಕು.

ನಿನ್ನೆ ಒಂದು ಚಕ್ರ ತಂದು ಮುಂದೆ ಎಡಕ್ಕೆ ಹಾಕಿ ನೋಡಿದೆ. ನೇರ ಇದ್ದಾಗ ಏನೂ ತೊಂದರೆ ಇಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುತ್ತದೆ. ಅಂಗಡಿಯವರು ಲೈನರ್ ಸ್ವಲ್ಪ ಕೊಯ್ದರೆ ಮುಗೀತು ಅಂತಾರೆ. ಅಪ್ಪ, ಅಮ್ಮ, ತಂಗಿ ಎಲ್ಲರೂ ಇದೇ ಕಾರಲ್ಲಿ ಶಿರಾಡಿ ಘಾಟ್ ಇಳಿದು ಹೋಗುತ್ತೇವೆ, ಅದಕ್ಕೇ ಕೇಳುತ್ತಿದ್ದೇನೆ. ತಗೊಳ್ಳಲಾ, ಬೇಡವಾ?

ಅಳತೆ ಟೇಪು:
ಅಡ್ವಾನ್ಸ್ ಕೊಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಎಲ್ಲರೂ 17 ದೊಡ್ಡದು, ಅದಕ್ಕೇ ಉಜ್ಜುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ನಿಮ್ಮ 185/65 ಆರ್15 ಟೈರಿನ ಪೂರ್ತಿ ವ್ಯಾಸ ಸುಮಾರು 621 ಮಿಮೀ, 205/45 ಆರ್17ರದ್ದು 616. ಅಂದರೆ ಹೊಸದು 5 ಮಿಮೀ ಚಿಕ್ಕದೇ. ಸ್ಪೀಡೋಮೀಟರ್‌ನಲ್ಲೂ ನೂರಕ್ಕೆ ಒಂದು ಕಿಮೀ ವ್ಯತ್ಯಾಸ ಬರುವುದಿಲ್ಲ.

ತೊಂದರೆ ಇರುವುದು ಅಗಲದಲ್ಲಿ ಮತ್ತು ಇಟಿಯಲ್ಲಿ. ನಿಮ್ಮ ಹಳೆಯ ಚಕ್ರ ಬಿಚ್ಚಿ ಹಿಂದೆ ನೋಡಿ, ಅಗಲ ಮತ್ತು ಇಟಿ ಅಚ್ಚಾಗಿರುತ್ತದೆ. ಅದು 5.5 ಇಂಚು, ಇಟಿ 45 ಅಂತ ಇದ್ದರೆ, 7 ಇಂಚಿನ ಇಟಿ 38 ಚಕ್ರ ಹೊರಗಡೆಗೆ 26 ಮಿಮೀ, ಒಳಗಡೆಗೆ 12 ಮಿಮೀ ಜಾಸ್ತಿ ಬರುತ್ತದೆ. ಒಂದು ಇಂಚು ಹೊರಗೆ ಬಂದ ಟೈರು, 40 ಮಿಮೀ ಕೆಳಗಿಳಿದ ಮಡ್‌ಗಾರ್ಡ್. ಎರಡೂ ಸೇರಿದಾಗ ಹಿಂದೆ ಇಬ್ಬರು ಕೂತು ಒಂದು ಹಂಪ್ ಹತ್ತಿದರೆ ಸಾಕು, ಮಡ್‌ಗಾರ್ಡಿನ ಅಂಚು ಟೈರಿನ ಭುಜವನ್ನು ಕೊಯ್ಯುತ್ತದೆ. ಮುಂದಿನ ಲೈನರ್ ಪ್ಲಾಸ್ಟಿಕ್ಕು, ಸದ್ದು ಮಾಡಿ ಎಚ್ಚರಿಸುತ್ತದೆ. ಹಿಂದಿನ ಅಂಚು ತಗಡು. ನನಗೆ ಹೆದರಿಕೆ ಅದರದ್ದೇ.

ಹೀಗೆ ಮಾಡಿ. ಆ ಚಕ್ರವನ್ನು ಇನ್ನೊಂದು ದಿನಕ್ಕೆ ಕೇಳಿ ತಂದು ಹಿಂದೆ ಹಾಕಿ. ಮಕ್ಕಳು ಆಡುವ ಜೇಡಿಮಣ್ಣನ್ನು ಬೆರಳು ದಪ್ಪಕ್ಕೆ ಮಡ್‌ಗಾರ್ಡಿನ ಒಳ ಅಂಚಿಗೆ ಮೂರು ನಾಲ್ಕು ಕಡೆ ಅಂಟಿಸಿ. ಮನೆಯವರನ್ನೆಲ್ಲಾ ಕೂರಿಸಿಕೊಂಡು ಬೀದಿಯ ಹಂಪ್ ಮೇಲೆ ನಿಧಾನಕ್ಕೆ ಹತ್ತಿಳಿಯಿರಿ. ಮಣ್ಣು ಎಷ್ಟು ಉಳಿಯಿತೋ ಅಷ್ಟೇ ನಿಮಗಿರುವ ಜಾಗ.

ಕರಾವಳಿ ಕಾರು:
ನಾನು ಮಂಗಳೂರಿನವನು, ಇದನ್ನೇ ಮಾಡಿ ಅನುಭವಿಸಿದ್ದೇನೆ. ಉಜ್ಜುತ್ತದೆ ಅಂತ ಹಿಂದಿನ ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಚಿಸಿದೆ. ಬಣ್ಣ ಬಿಸಿ ಮಾಡದೆ ಮಡಚಿದರು, ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಆಗ ಕಣ್ಣಿಗೆ ಬೀಳಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಎದ್ದು, ಬೆರಳಲ್ಲಿ ಒತ್ತಿದರೆ ತುಕ್ಕು ಪುಡಿಪುಡಿಯಾಗಿ ಉದುರಿತು. ನಮ್ಮ ಕಡೆಯ ಉಪ್ಪು ಗಾಳಿಗೆ ತಗಡು ತಡೆಯುವುದಿಲ್ಲ.

ಇನ್ನೊಂದು ಮಾತು. 205/45ರಲ್ಲಿ ಟೈರಿನ ಪಕ್ಕದ ಗೋಡೆ 92 ಮಿಮೀ ಅಷ್ಟೇ, ನಿಮ್ಮ ಈಗಿನದ್ದು 120. ಮಳೆಯಲ್ಲಿ ಘಾಟಿಯ ಗುಂಡಿ ನೀರು ತುಂಬಿ ಕಾಣುವುದೇ ಇಲ್ಲ ಅಲ್ವಾ, ಆ ಏಟು ನೇರ ಅಲಾಯ್‌ಗೇ ಬೀಳುತ್ತದೆ. ನನ್ನದು ಎರಡು ಬೆಂಡಾದವು, ಒಂದು ಸೀಳಿತು, ಅಪ್ಪನ ಜೊತೆ ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನಿಂತಿದ್ದೆ.

ಜಾಕ್ ಮತ್ತು ಸ್ಪ್ಯಾನರ್:
ಮೊದಲು ಹೇಳಿ, ಸ್ಪ್ರಿಂಗ್ ಹೊಸದಾ, ಇಲ್ಲ ಕಂಪನಿಯದ್ದನ್ನೇ ಕೊಯ್ದದ್ದಾ? ಕೊಯ್ದದ್ದಾದರೆ ಚಕ್ರದ ಮಾತು ಆಮೇಲೆ. ಚಕ್ರ ಗಾಳಿಯಲ್ಲಿ ತೂಗಿದಾಗ ಕೊಯ್ದ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಮನೆಯವರನ್ನು ಕೂರಿಸಿಕೊಂಡು ಹಾಗೆ ಹೋಗಬೇಡಿ, ದಯವಿಟ್ಟು.

ಆಮೇಲೆ ನಡುವಿನ ತೂತು. ಸ್ವಿಫ್ಟ್ ಹಬ್, ಅಂದರೆ ಆ ತೂತಿನೊಳಗೆ ಕೂರುವ ಗಾಡಿಯ ಭಾಗ, 54.1 ಮಿಮೀ. ಹೊರಗಿನ ಅಲಾಯ್‌ಗಳಲ್ಲಿ ತೂತು ಹೆಚ್ಚಾಗಿ 73.1 ಇರುತ್ತದೆ. ನಡುವೆ ರಿಂಗ್ ಹಾಕದಿದ್ದರೆ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಅದು ಹೋಗುವುದಿಲ್ಲ. ನಟ್ 12x1.25 (12 ಮಿಮೀ ದಪ್ಪ, ಹಲ್ಲಿನಿಂದ ಹಲ್ಲಿಗೆ 1.25 ಮಿಮೀ) ಇರಬೇಕು. ಹೋಂಡಾದ್ದು 12x1.5, ಎರಡು ಸುತ್ತು ಹೋದ ಹಾಗೆ ಅನಿಸಿ ಹಲ್ಲು ಕಿತ್ತು ಹೋಗುತ್ತದೆ.

ಟೈರಿನ ಮೇಲೆ ಲೋಡ್ ನಂಬರ್ ಓದಿ. ನಿಮ್ಮ ಈಗಿನದ್ದು 88 ಇದ್ದರೆ ಒಂದು ಟೈರು 560 ಕೆಜಿ ಹೊರುತ್ತದೆ. ಗೆಳೆಯರ ಟೈರಿನಲ್ಲಿ 84 ಅಂತ ಇದ್ದರೆ 500 ಅಷ್ಟೇ.

ಕಾನೂನೂ ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ ಕಲಂ 52 ಕಂಪನಿಯ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸಲು ಬಿಡುವುದಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಬದಲಾವಣೆ ಒಂದಕ್ಕೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ವಿಮೆಯವರಿಗೂ ತಿಳಿಸಿಬಿಡಿ.

ಹಾಸನದ ಸ್ವಿಫ್ಟ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸ್ಪ್ರಿಂಗ್ ಹೊಸದೇ, ಕೊಯ್ದದ್ದಲ್ಲ. ಇವತ್ತು ಬೆಳಿಗ್ಗೆ ಜೇಡಿಮಣ್ಣು ಅಂಟಿಸಿ ನೋಡಿದೆ. ಒಬ್ಬನೇ ಓಡಿಸಿದಾಗ ಮಣ್ಣು ಹಾಗೇ ಇತ್ತು. ಅಪ್ಪ ಅಮ್ಮ ಹಿಂದೆ ಕೂತು, ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟು ನಮ್ಮ ಬೀದಿಯ ಹಂಪ್ ದಾಟಿದ್ದಕ್ಕೆ ಮಣ್ಣು ಚಪ್ಪಟೆ, ಒಂದು ಕಡೆ ತಗಡೇ ಕಾಣುತ್ತಿತ್ತು, ಟೈರಿನ ಮೇಲೆ ಗೀರು ಬೇರೆ. ಲೋಡ್ ನಂಬರೂ 84. ಗೆಳೆಯರಿಗೆ ಬೇಡ ಅಂದೆ. 16ಕ್ಕೆ ಹೋದರೆ ಯಾವುದು ನೋಡಲಿ?

ಅಳತೆ ಟೇಪು:
16x6.5, ಇಟಿ 45ರ ಆಸುಪಾಸು. ಟೈರ್ 195/55 ಆರ್16. ವ್ಯಾಸ 621, ಕಂಪನಿಯದ್ದಕ್ಕೆ ಒಂದು ಮಿಲಿಮೀಟರೂ ಹೆಚ್ಚುಕಡಿಮೆ ಇಲ್ಲ, ಪಕ್ಕದ ಗೋಡೆ 107 ಇರುತ್ತದೆ. ಹೊರಗಡೆಗೆ 13 ಮಿಮೀ ಅಷ್ಟೇ ಬರುತ್ತದೆ. ಲೋಡ್ ನಂಬರ್ 88 ಅಥವಾ ಮೇಲಿನದ್ದೇ ತಗೊಳ್ಳಿ. ಕೊಳ್ಳುವ ಮೊದಲು ಇದೇ ಮಣ್ಣಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ಅಕ್ಕಿ ಮೂಟೆ ಸಮೇತ. ಹಾಕಿಸಿದ ಮೇಲೆ ಮುಂದಿನ ಅಲೈನ್‌ಮೆಂಟ್ ನೋಡಿಸಿ, ತಗ್ಗಿಸಿದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗಿರುತ್ತದೆ, ಟೈರಿನ ಒಳ ಅಂಚು ಸುಮ್ನೆ ತಿಂದು ಹೋಗುತ್ತದೆ. 50 ಕಿಮೀ ಓಡಿಸಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿ.