ನೆಲಕ್ಕೆ ಬಿದ್ದ ಬಾತ್‌ರೂಮ್ ಆಸಿಡ್‌ಗೆ ಎಷ್ಟು ಅಡುಗೆ ಸೋಡಾ?

ಬಸವನಗುಡಿ_ಹಳೇಮನೆ:
ಸ್ಟೋರ್‌ರೂಮಿನಲ್ಲಿ ಒಂದು ಲೀಟರ್ ಆಸಿಡ್ ಬಾಟಲಿ ಸೋರಿ ರೆಡ್ ಆಕ್ಸೈಡ್ ನೆಲದ ಮೇಲೆ ಹರಡಿದೆ. ಲೇಬಲ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ 10% ಅಂತಿದೆ. ಕಾಸ್ಟಿಕ್ ಸೋಡಾ ಹಾಕಬಹುದಾ? ಇಲ್ಲಾ ಬೋರ್ ನೀರು ಸುರಿದರೆ ಸಾಕಾ? ಆಮ್ಲ ಹೋಯ್ತು ಅಂತ ಅರಿಶಿನದಿಂದ ಗೊತ್ತಾಗುತ್ತಾ?

ಲ್ಯಾಬ್_ಕೆಲಸ:
ಕಾಸ್ಟಿಕ್ ಬೇಡವೇ ಬೇಡ. ವಿಪರೀತ ಬಿಸಿಯಾಗಿ ಸಿಡಿಯುತ್ತೆ, ಸ್ವಲ್ಪ ಜಾಸ್ತಿಯಾದರೂ ಆಮ್ಲದ ಜಾಗದಲ್ಲಿ ಸುಡುವ ಕ್ಷಾರ ಉಳಿಯುತ್ತೆ. ಅಡುಗೆ ಸೋಡಾ ಎಷ್ಟೇ ಹೆಚ್ಚಾದರೂ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಅಂದರೆ ತಟಸ್ಥ) 8.3ರ ಆಸುಪಾಸಿನಲ್ಲೇ ನಿಲ್ಲುತ್ತೆ.

ಲೆಕ್ಕ ಹೀಗೆ: 10% ಅಂದರೆ ಲೀಟರ್‌ಗೆ ಸುಮಾರು 105 ಗ್ರಾಂ ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಮ್ಲ). ಮೋಲ್ ಅಂದರೆ ಕಣಗಳನ್ನು ಎಣಿಸೋ ಅಳತೆ, ಒಂದು ಮೋಲ್ ಎಚ್‌ಸಿಎಲ್ 36.5 ಗ್ರಾಂ. ಅದರಿಂದ ಭಾಗಿಸಿ, 2.9 ಮೋಲ್. ಒಂದು ಮೋಲ್ ಆಮ್ಲಕ್ಕೆ ಒಂದು ಮೋಲ್ ಅಡುಗೆ ಸೋಡಾ, ಅಂದರೆ 84 ಗ್ರಾಂ. ಒಟ್ಟು 240 ಗ್ರಾಂ ಚಿಲ್ಲರೆ. ಪುಡಿ ಗಂಟುಕಟ್ಟಿ ಒಳಗಿನದು ಹಾಗೇ ಉಳಿಯೋದರಿಂದ 400 ಗ್ರಾಂ ಇಟ್ಟುಕೊಳ್ಳಿ. ಬೇಕಿಂಗ್ ಪೌಡರ್ ತರಬೇಡಿ, ಅದರಲ್ಲಿ ಪಿಷ್ಟ, ಆಮ್ಲ ಎರಡೂ ಇರುತ್ತೆ.

ಕಿಟಕಿ ತೆಗೆದು, ಕೈಗವಸು, ಕನ್ನಡಕ ಹಾಕಿಕೊಂಡು ಅಂಚಿನಿಂದ ಒಳಕ್ಕೆ ಚಮಚ ಚಮಚವಾಗಿ ಉದುರಿಸಿ. ಒಟ್ಟು 70 ಲೀಟರ್‌ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಒಂದೇ ಸಲ ಸುರಿದರೆ ನೊರೆ ಆಮ್ಲದ ಹನಿಗಳನ್ನು ಮುಖಕ್ಕೆ ಎರಚುತ್ತೆ. ನೊರೆ ನಿಂತ ಮೇಲೆ ನೀರು ಚಿಮುಕಿಸಿ, ಕಡ್ಡಿಯಿಂದ ಕಲಸಿ, ಇನ್ನೊಂದು ಚಿಟಿಕೆ ಹಾಕಿ. ಗುಳ್ಳೆ ಎದ್ದರೆ ಇನ್ನೂ ಆಮ್ಲ ಇದೆ.

ನೀರು_ಪರೀಕ್ಷೆ:
ಬೋರ್ ನೀರಿನ ಬೈಕಾರ್ಬೊನೇಟ್ ಆಮ್ಲವನ್ನು ತಟಸ್ಥಗೊಳಿಸುತ್ತೆ, ನಿಜ. ಆದರೆ ಕ್ಷಾರೀಯತೆ (ಆಮ್ಲ ತಟಸ್ಥಗೊಳಿಸೋ ಶಕ್ತಿ) ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರ್‌ಗೆ 300 ಮಿಲಿಗ್ರಾಂ ಅಂತ ಹಿಡಿದರೂ ನಿಮಗೆ ಬೇಕಾಗೋದು 480 ಲೀಟರ್, ಹತ್ತಿರ ಹತ್ತಿರ ಅರ್ಧ ಸಿಂಟೆಕ್ಸ್ ಟ್ಯಾಂಕ್! ಅಷ್ಟರಲ್ಲಿ ಆಮ್ಲ ಗೋಡೆ ಬುಡಕ್ಕೂ ಹರಡಿರುತ್ತೆ. ಮೊದಲು ಸೋಡಾ, ಆಮೇಲೆ ನೀರು.

ಅರಿಶಿನ ಇಲ್ಲಿ ಮೋಸ ಮಾಡುತ್ತೆ. ಆಮ್ಲದಲ್ಲೂ ಹಳದಿ, ತಟಸ್ಥದಲ್ಲೂ ಹಳದಿ. ಕ್ಷಾರದಲ್ಲಿ ಮಾತ್ರ ಕೆಂಪು. ಕೆಂಪು ದಾಸವಾಳದ ದಳ ಬಿಸಿನೀರಲ್ಲಿ ನೆನೆಸಿ, ಆ ರಸದ ಹನಿಗಳನ್ನು ನೆಲದ ಮೇಲಿನ ದ್ರವಕ್ಕೆ ಹಾಕಿ ನೋಡಿ. ಆಮ್ಲಕ್ಕೆ ಕಡುಗುಲಾಬಿ, ಕ್ಷಾರಕ್ಕೆ ಹಸಿರು. ಪಿಎಚ್ ಪೇಪರ್ ಸಿಕ್ಕರೆ ಇನ್ನೂ ವಾಸಿ.

ನೆಲ_ಕೆಲಸ:
ರೆಡ್ ಆಕ್ಸೈಡ್ ಅಂದರೆ ಸಿಮೆಂಟೇ, ಅದರ ಸುಣ್ಣದಂಶವನ್ನು ಆಮ್ಲ ತಿನ್ನುತ್ತೆ. ಈಗಾಗಲೇ ಹೊಳಪು ಹೋಗಿ ತರಿತರಿಯಾದ ಜಾಗ ಸೋಡಾದಿಂದ ವಾಪಸ್ ಬರಲ್ಲ, ಪಾಲಿಶ್ ಮಾಡಿಸಬೇಕು. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರ ತರಬೇಡಿ, ಆಮ್ಲದ ಜೊತೆ ಕ್ಲೋರಿನ್ ಅನಿಲ ಬರುತ್ತೆ. ಮೈಮೇಲೆ ಬಿದ್ದಿದ್ದರೆ ಸೋಡಾ ಹಚ್ಚಬೇಡಿ, ಹರಿಯೋ ನೀರಲ್ಲಿ 20 ನಿಮಿಷ ತೊಳೆದು ಡಾಕ್ಟರ್‌ಗೆ ತೋರಿಸಿ.