ಮನೆ ಹಿಂದಿನ ಮಣ್ಣಿನ ಡ್ಯಾಮಿಗೆ ‘ಹೈ ಹಜಾರ್ಡ್’, ‘ಪೂರ್’ ಅಂತ ಬರೆದಿದೆ. ತಗೊಳ್ಳೋದಾ, ಬಿಡೋದಾ?

ಹೊಸಮನೆ_ಹುಡುಕಾಟ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕೆ ಮನೆ ನೋಡ್ತಿದ್ದೀವಿ. ನಾಲ್ಕು ತಿಂಗಳು ಅಲೆದ ಮೇಲೆ ಒಂದು ಮನೆ ನನಗೂ ನನ್ನ ಹೆಂಡತಿಗೂ ಒಟ್ಟಿಗೇ ಹಿಡಿಸಿದೆ. ನಮ್ಮಿಬ್ಬರ ವಿಷಯದಲ್ಲಿ ಇದು ಅಪರೂಪ. ಹಿತ್ತಲ ಬೇಲಿ ದಾಟಿದರೆ ಸಣ್ಣ ಹಳ್ಳ, ಹಳ್ಳದ ಗುಂಟ ಹತ್ತು ನಿಮಿಷ ಮೇಲಕ್ಕೆ ನಡೆದರೆ ಹುಲ್ಲು ಹೊದ್ದ ಉದ್ದನೆ ದಿಬ್ಬ. ನಾನು ಪಾರ್ಕ್ ಅಂದುಕೊಂಡು ಹತ್ತಿದೆ. ಆ ಕಡೆ ನೋಡಿದರೆ ನೀರು! ನಾನು ನಿಂತಿದ್ದು ಡ್ಯಾಮ್ ಮೇಲೆ.

ಏಜೆಂಟ್ ಬಾಯಲ್ಲಿ ‘ಲೇಕ್’ ಅನ್ನೋ ಪದ ಐದಾರು ಸಲ ಬಂತು, ‘ಡ್ಯಾಮ್’ ಒಂದು ಸಲವೂ ಬರಲಿಲ್ಲ. ರಾತ್ರಿ ಕೂತು ದೇಶದ ಡ್ಯಾಮುಗಳ ಸರ್ಕಾರಿ ಪಟ್ಟಿ, ನ್ಯಾಷನಲ್ ಇನ್ವೆಂಟರಿ ಆಫ್ ಡ್ಯಾಮ್ಸ್ ತೆಗೆದೆ. ಮಣ್ಣಿನ ಡ್ಯಾಮ್, 34 ಅಡಿ ಎತ್ತರ, 1960ರ ದಶಕದ್ದು, ಉದ್ದೇಶ ಪ್ರವಾಹ ನಿಯಂತ್ರಣ. ಹಜಾರ್ಡ್ ಪೊಟೆನ್ಶಿಯಲ್: ಹೈ. ಕಂಡಿಷನ್: ಪೂರ್. ನಿದ್ದೆ ಹೋಯ್ತು. ಆದರೆ ಫೆಮಾ (ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಪ್ರವಾಹ ನಕ್ಷೆಯಲ್ಲಿ ಇದೇ ಮನೆ ಝೋನ್ ಎಕ್ಸ್, ಅಂದರೆ ಅಪಾಯ ಕಡಿಮೆ. ಒಂದು ಸರ್ಕಾರಿ ವೆಬ್‌ಸೈಟ್ ಹೆದರಿಸುತ್ತೆ, ಇನ್ನೊಂದು ಬೆನ್ನು ತಟ್ಟುತ್ತೆ. ಯಾವುದನ್ನ ನಂಬಲಿ? ಭಾನುವಾರದೊಳಗೆ ಆಫರ್ ಹಾಕಬೇಕಂತೆ.

ಬೇಡಪ್ಪಾ_ಬೇಡ:

ಹೈ ಹಜಾರ್ಡು, ಮೇಲಿಂದ ಪೂರು. ಇನ್ನೇನು ತಾಮ್ರಪತ್ರದಲ್ಲಿ ಬರೆದು ಕೊಡಬೇಕಾ? ಬಿಟ್ಟಾಕಿ ಗುರು.

ಏರಿ_ಮೇಲಿನವ:

ಇಪ್ಪತ್ತೆರಡು ವರ್ಷದಿಂದ ಇಂಥ ಡ್ಯಾಮುಗಳ ಮೇಲೆ ನಡೆದು ವರದಿ ಬರೆಯೋದೇ ನನ್ನ ಕೆಲಸ. ಮೊಣಕಾಲು ಸವೆದಿದೆ, ಕೆಂಪಿರುವೆ ಕಚ್ಚದ ಜಾಗ ಕಾಲಲ್ಲಿ ಉಳಿದಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಆತುರ ಇದ್ದವರು ದಾಟಿಕೊಂಡು ಹೋಗಿ.

ನೀವು ನೋಡಿದ ಎರಡು ಪದ ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ. ಹಜಾರ್ಡ್ ಅಂದರೆ ಡ್ಯಾಮ್ ಒಡೆದರೆ ಕೆಳಗೆ ಏನಾಗುತ್ತೆ ಅನ್ನೋದು. ಜನ ಸಾಯುವ ಸಂಭವ ಇದ್ದರೆ ಹೈ. ಜೀವಹಾನಿ ಆಗಲಿಕ್ಕಿಲ್ಲ, ಆದರೆ ರಸ್ತೆ, ಆಸ್ತಿಗೆ ದೊಡ್ಡ ಪೆಟ್ಟು ಅಂದರೆ ಸಿಗ್ನಿಫಿಕೆಂಟ್. ಬರೀ ಹೊಲ, ಕಾಡು ನೆನೆದರೆ ಲೋ. ಡ್ಯಾಮ್ ಗಟ್ಟಿಯೋ ಟೊಳ್ಳೋ ಅನ್ನೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹೂವರ್ ಡ್ಯಾಮೂ ಹೈ ಹಜಾರ್ಡೇ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ: ಆ ಡ್ಯಾಮ್ ‘ಹೈ’ ಆಗಿರೋದು ಬಹುಶಃ ನೀವು ಕೊಳ್ಳಬೇಕು ಅಂತಿರೋ ಮನೆಯಿಂದಲೇ. 1954ರ ಜಲಾನಯನ ಕಾಯ್ದೆ ಮತ್ತು ಅದರ ಹಿಂದಿನ 1944ರ ಕಾಯ್ದೆಯ ಕೆಳಗೆ ಕೃಷಿ ಇಲಾಖೆ ದೇಶದ ತುಂಬ ಸುಮಾರು 11,800 ಸಣ್ಣ ಡ್ಯಾಮ್ ಕಟ್ಟಿಸಿತು. ಬಹಳಷ್ಟರ ಕೆಳಗೆ ಆಗ ಇದ್ದದ್ದು ಜೋಳದ ಹೊಲ, ದನದ ಹುಲ್ಲುಗಾವಲು. ಆ ಲೆಕ್ಕಕ್ಕೆ ತಕ್ಕ ಹಾಗೆ ಲೋ ಹಜಾರ್ಡ್ ಅಂತಲೇ ವಿನ್ಯಾಸ ಮಾಡಿದರು, ಆಯುಷ್ಯ 50 ವರ್ಷ ಅಂತ ಹಿಡಿದರು. ಆಮೇಲೆ ಪಟ್ಟಣ ಬಂತು, ಹುಲ್ಲುಗಾವಲು ಮನೆ ಸಾಲಿನ ಬೀದಿ ಆಯ್ತು. ಡ್ಯಾಮ್ ಕೂತಲ್ಲೇ ಕೂತಿದೆ, ದರ್ಜೆ ಮಾತ್ರ ಏರಿತು.

ಇನ್ನು ‘ಪೂರ್’. ಇಲ್ಲಿ ಜಾಗ್ರತೆ. ಸ್ಯಾಟಿಸ್‌ಫ್ಯಾಕ್ಟರಿ, ಫೇರ್, ಪೂರ್, ಅನ್‌ಸ್ಯಾಟಿಸ್‌ಫ್ಯಾಕ್ಟರಿ ಅಂತ ನಾಲ್ಕು ಮೆಟ್ಟಿಲು. ತಕ್ಷಣ ಕೈಹಾಕಬೇಕು ಅನ್ನೋ ಸ್ಥಿತಿ ಕೊನೆಯದು. ಪೂರ್ ಅಂದರೆ ನಿಜವಾಗಿ ಬರಬಹುದಾದ ಹೊರೆಗೆ ಕೊರತೆ ಕಂಡಿದೆ, ರಿಪೇರಿ ಆಗಬೇಕು ಅಂತ. ಇಲ್ಲವೇ ಮುಖ್ಯವಾದ ಲೆಕ್ಕಾಚಾರವೇ ಕೈಲಿಲ್ಲ ಅಂತ. ಈ ಒಂದೇ ಪದದ ಹಿಂದೆ ಬೇರೆ ಬೇರೆ ರೋಗ ಇರಬಹುದು.

ನಮ್ಮ ಕಡೆ ಕೆರೆಯ ಮಾತಲ್ಲೇ ಹೇಳ್ತೀನಿ. ಆ ದಿಬ್ಬ ಏರಿ. ನೀರೊಳಗೆ ಒಂದು ಕಾಂಕ್ರೀಟ್ ಗೂಡು ನಿಂತಿರುತ್ತೆ, ಅದು ತೂಬು. ಎತ್ತಿ ಇಳಿಸೋಕೆ ನೀರಗಂಟಿ ಬೇಕಿಲ್ಲ, ನೀರು ಗೂಡಿನ ಬಾಯಿಗೆ ಬಂದರೆ ತಾನೇ ಒಳಗೆ ಬಿದ್ದು ಏರಿ ಅಡಿಯ ಪೈಪಲ್ಲಿ ಹಳ್ಳಕ್ಕೆ ಹೋಗುತ್ತೆ. ಜೋರು ಮಳೆಯ ನೀರನ್ನ ತಡೆದಿಟ್ಟು ದಿನಗಟ್ಟಲೆ ನಿಧಾನಕ್ಕೆ ಬಿಡೋದೇ ಇದರ ಕಸುಬು. ಅದಕ್ಕೂ ಮೀರಿದರೆ ಪಕ್ಕದಲ್ಲಿ ಹುಲ್ಲಿನ ಅಗಲ ಕಾಲುವೆ, ಅದು ಕೋಡಿ. ಕೆಲವು ಕೋಡಿ 50 ವರ್ಷದಲ್ಲಿ ಒಂದು ಸಲವೂ ಹರಿದಿರಲ್ಲ, ಮಕ್ಕಳು ಅಲ್ಲಿ ಫುಟ್‌ಬಾಲ್ ಆಡ್ತಾರೆ.

ಮೊದಲನೇ ಥರದ ಪೂರ್: ಏರಿ ಚೆನ್ನಾಗಿದೆ, ಕೋಡಿ ಸಾಲದು. ಜಾರ್ಜಿಯಾದಲ್ಲಿ ಡ್ಯಾಮ್ ಕೆಟಗರಿ 1 ಆದ ಕೂಡಲೇ, ಅಂದರೆ ಒಡೆದರೆ ಜೀವ ಹೋಗಬಹುದು ಅಂತಾದ ಕೂಡಲೇ, ಗರಿಷ್ಠ ಸಂಭಾವ್ಯ ಮಳೆಯ (ಆ ಜಾಗದಲ್ಲಿ ಲೆಕ್ಕದ ಪ್ರಕಾರ ಬರಬಹುದಾದ ಅತಿ ದೊಡ್ಡ ಮಳೆ) ಇಷ್ಟು ಪಾಲನ್ನ ತಡೆಯಬೇಕು ಅಂತ ನಿಯಮ ಇದೆ. ಸಣ್ಣದಕ್ಕೆ ಕಾಲು ಪಾಲು, ಅತಿ ದೊಡ್ಡದಕ್ಕೆ ಪೂರ್ತಿ. ಹೊಲದ ಲೆಕ್ಕಕ್ಕೆ ಕಟ್ಟಿದ್ದು ಈ ಪರೀಕ್ಷೆಯಲ್ಲಿ ಫೇಲ್ ಆಗೋದು ಸಹಜ. ಅಂಥ ಮಳೆ ಬರೋದು ಬಲು ಅಪರೂಪ, ರಿಪೇರಿ ದಾರಿಯೂ ಗೊತ್ತಿದೆ: ಕೋಡಿ ಅಗಲ ಮಾಡೋದು, ಏರಿ ಎತ್ತರಿಸೋದು, ಕೋಡಿಗೆ ಕಾಂಕ್ರೀಟ್ ಮೆಟ್ಟಿಲು ಹಾಕೋದು.

ಎರಡನೇ ಥರದ್ದು ನನಗೆ ಭಯ. ಪೈಪು ತುಕ್ಕು ಹಿಡಿದಿದೆ, ಪೈಪಿನ ಹೊರಮೈ ಗುಂಟ ನೀರು ದಾರಿ ಮಾಡಿಕೊಂಡಿದೆ, ಏರಿ ಮೇಲೆ ಮರ ಬೆಳೆದಿದೆ. ಮರ ಬಿದ್ದರೆ ಬೇರಿನ ಜೊತೆ ಒಂದು ಗಾಡಿ ಮಣ್ಣು ಎದ್ದು ಬರುತ್ತೆ; ಸತ್ತರೆ ಬೇರು ಕೊಳೆತು ಒಳಗೇ ಸುರಂಗ. ಇದಕ್ಕೆ ದೊಡ್ಡ ಮಳೆಯೇ ಬೇಕು ಅಂತಿಲ್ಲ. ಬಿಸಿಲಿನ ದಿನವೂ ಕೈಕೊಡಬಹುದು.

ಸಣ್ಣದು ಅಂತ ಉಡಾಫೆ ಬೇಡ. ಟೊಕ್ಕೋವಾ ನಿಮ್ಮಿಂದ ಒಂದೂವರೆ ಗಂಟೆ ದಾರಿ. ಅಲ್ಲಿನ ಕೆಲ್ಲಿ ಬಾರ್ನ್ಸ್ ಡ್ಯಾಮೂ ಮಣ್ಣಿನದೇ, ಎತ್ತರ 40 ಅಡಿಯ ಆಸುಪಾಸು. 1957ರಲ್ಲಿ ಕರೆಂಟ್ ತೆಗೆಯೋದು ನಿಲ್ಲಿಸಿದ ಮೇಲೆ ಬರೀ ವಿಹಾರದ ಕೆರೆಯಾಗಿ ಉಳಿಯಿತು. 1977ರ ನವೆಂಬರ್ 6ರ ರಾತ್ರಿ ಒಂದೂವರೆ ಸುಮಾರಿಗೆ ಒಡೆಯಿತು. ಕೆಳಗಿದ್ದ ಬೈಬಲ್ ಕಾಲೇಜಿನ ಆವರಣದಲ್ಲಿ 39 ಜನ ಸತ್ತರು. ಮುಂದಿನ ವರ್ಷವೇ ಜಾರ್ಜಿಯಾ ಸೇಫ್ ಡ್ಯಾಮ್ಸ್ ಕಾಯ್ದೆ ತಂತು. ನನಗೆ ಸಂಬಳ ಬರ್ತಿರೋದು ಒಂದು ಲೆಕ್ಕದಲ್ಲಿ ಅದರಿಂದಲೇ. ಅಲ್ಲಿಗೆ ಹೋದಾಗಲೆಲ್ಲ ಈ ಯೋಚನೆ ಬಂದು ಸಂಕಟ ಆಗುತ್ತೆ.

ಹಾಗಾಗಿ ‘ಪೂರ್’ ಅನ್ನೋ ಪದಕ್ಕೆ ಹೆದರಬೇಡಿ, ನಂಬಿ ಕೂರಲೂ ಬೇಡಿ. ಇತ್ತೀಚಿನ ತಪಾಸಣಾ ವರದಿಯನ್ನೇ ಕೇಳಿ ತರಿಸಿ. ರಾಜ್ಯದ ಸೇಫ್ ಡ್ಯಾಮ್ಸ್ ವಿಭಾಗಕ್ಕೆ ಒಂದು ಇಮೇಲ್, ಡ್ಯಾಮಿನ ಮಾಲೀಕರಿಗೆ (ಬಹುಶಃ ಕೌಂಟಿ) ಇನ್ನೊಂದು. ಭಾನುವಾರದ ಗಡುವು ಏಜೆಂಟ್‌ದು, ನಿಮ್ಮದಲ್ಲ.

ಕಾಗದ_ಪತ್ರ:

ನಾನು ವಿಮೆ ಕಡೆಯವಳು, ಅಷ್ಟು ಭಾಗ ಹೇಳ್ತೀನಿ. ಝೋನ್ ಎಕ್ಸ್ ನೋಡಿ ನೆಮ್ಮದಿ ಪಡಬೇಡಿ. ಫೆಮಾ ನಕ್ಷೆ ಲೆಕ್ಕ ಹಾಕೋದು ಹಳ್ಳ ಉಕ್ಕಿದರೆ ಏನಾಗುತ್ತೆ ಅಂತ. ಮೇಲಿನ ಡ್ಯಾಮ್ ಒಡೆದರೆ ನೀರು ಎಲ್ಲಿವರೆಗೆ ಬರುತ್ತೆ ಅಂತಲ್ಲ. ನಿಮ್ಮ ಮೇಲೆ ಡ್ಯಾಮ್ ಇದ್ದು ಚೆನ್ನಾಗಿ ಕೆಲಸ ಮಾಡ್ತಿರೋದರಿಂದಲೇ ನಿಮ್ಮ ಮನೆ ಎಕ್ಸ್‌ನಲ್ಲಿ ಇರಲೂಬಹುದು. ಮಾಮೂಲಿ ಮನೆ ವಿಮೆ ಪ್ರವಾಹಕ್ಕೆ ನಯಾಪೈಸೆ ಕೊಡಲ್ಲ. ಸರ್ಕಾರಿ ಪ್ರವಾಹ ವಿಮೆ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್ ತನಕ ಸಿಗುತ್ತೆ. ಸಾಮಾನ್ಯವಾಗಿ 30 ದಿನ ಕಾಯಬೇಕು, ಮನೆ ಸಾಲದ ಕ್ಲೋಸಿಂಗ್ (ಸಹಿ ಹಾಕಿ ಮುಗಿಸೋದು) ಜೊತೆಗೇ ತಗೊಂಡರೆ ಕಾಯೋದಿಲ್ಲ. ಬ್ಯಾಂಕ್ ಕೇಳಲಿಲ್ಲ ಅಂತ ಬಿಡಬೇಡಿ.

ಬೇಡಪ್ಪಾ_ಬೇಡ:

ಹೂವರ್ ಡ್ಯಾಮ್ ವಿಷಯ ಗೊತ್ತಿರಲಿಲ್ಲ. ನನ್ನ ಅಭಿಪ್ರಾಯ ಮಾತ್ರ ಅದೇ.

ಹೊಸಮನೆ_ಹುಡುಕಾಟ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ದಾಟಿತು, ಮನೆ ಇನ್ನೂ ಹಾಗೇ ಇದೆ! ವರದಿ ಸಿಕ್ತು, 11 ಪುಟ. ಪೂರ್ ಕೊಟ್ಟಿರೋದಕ್ಕೆ ಕಾರಣ ಕೋಡಿ ಸಾಮರ್ಥ್ಯ ಸಾಲದು ಅಂತ. ಕೆಳಗಿಳಿಯೋ ಪೈಪ್ ಕಾಂಕ್ರೀಟಿನದು. ಉಸಿರು ಬಿಟ್ಟೆ. ಆದರೆ ಎಂಟನೇ ಪುಟದಲ್ಲಿ ಒಂದು ಸಾಲು: ‘ಏರಿಯ ಬುಡದಲ್ಲಿ, ಪೈಪಿನ ಬಲಕ್ಕೆ ಒದ್ದೆ ಜಾಗ, ಹರಿವಿಲ್ಲ, ಗಮನಿಸುತ್ತಿರಬೇಕು.’ ನಿನ್ನೆ ಸಂಜೆ ಹೋಗಿ ನೋಡಿ ಬಂದೆ, ಫೋಟೋ ಹಾಕಿದ್ದೀನಿ. ಶೂ ಹೂತುಹೋಗುತ್ತೆ. ಏರಿಯವರೇ, ಇದು ಯಾವ ಥರದ್ದು ಸಾರ್?

ಏರಿ_ಮೇಲಿನವ:

ಮಣ್ಣಿನ ಏರಿ ಅಂದ ಮೇಲೆ ಒಂದಿಷ್ಟು ಜಿನುಗುತ್ತೆ, ಜಿನುಗೋದೇ ತಪ್ಪಲ್ಲ. ಫೋಟೋದಲ್ಲಿ ಆಪು ಹುಲ್ಲು (ಜೌಗಲ್ಲಿ ಬೆಳೆಯೋದು) ಎದೆಮಟ್ಟ ಇದೆ, ಅಂದರೆ ಒದ್ದೆ ನಿನ್ನೆ ಮೊನ್ನೆಯದಲ್ಲ. ಹಳೇದಾದರೆ ಒಂದು ಥರದಲ್ಲಿ ಒಳ್ಳೇದೇ. ನಾನು ನೋಡೋದು ಎರಡೇ: ನೀರು ತಿಳಿಯಾಗಿದೆಯಾ, ಜಾಸ್ತಿ ಆಗ್ತಿದೆಯಾ. ಕೆಂಪಗೆ ಬಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಹೊರಗೆ ಬರ್ತಿದೆ ಅಂತ. ಜಾರ್ಜಿಯಾದಲ್ಲಿ ಮಳೆ ಬಂದರೆ ಚರಂಡಿ ನೀರೂ ಕೆಂಪೇ, ಅದಕ್ಕೆ ಮಳೆ ನಿಂತು ಎರಡು ದಿನ ಆದಮೇಲೆ ನೋಡಿ, ಗಾಜಿನ ಲೋಟ ತಗೊಂಡು ಹೋಗಿ.

ವರದಿಯ ತಾರೀಖು ಏನು? ಪೈಪಿನ ಬಾಯಿಂದ ಒದ್ದೆ ಜಾಗ ಎಷ್ಟು ದೂರ?

ಹೊಸಮನೆ_ಹುಡುಕಾಟ:

ವರದಿ ಹೋದ ವರ್ಷದ ಮಾರ್ಚ್‌ದು. ದೂರ ಎಂಟು ಹೆಜ್ಜೆ. ಲೋಟದಲ್ಲಿ ಹಿಡಿದು ನೋಡಿದೆ, ತಿಳಿಯಾಗಿದೆ. ವರದಿಯ ಫೋಟೋದಲ್ಲಿ ಆಪು ಇಷ್ಟು ಅಗಲಕ್ಕೆ ಹಬ್ಬಿರಲಿಲ್ಲ ಅನ್ನಿಸ್ತಿದೆ, ನನ್ನ ಕಣ್ಣಿನ ಭ್ರಮೆಯೋ ಏನೋ.

ಏರಿ_ಮೇಲಿನವ:

ಎಂಟು ಹೆಜ್ಜೆ ಅಂದರೆ ಪೈಪಿಗೆ ಹತ್ತಿರ ಆಯ್ತು. ಭ್ರಮೆಯೋ ಅಲ್ಲವೋ ಅಂತ ಇಬ್ಬರೂ ಫೋಟೋ ನೋಡಿ ಹೇಳೋಕಾಗಲ್ಲ. ಎರಡು ಫೋಟೋನೂ ಸೇರಿಸಿ ನಾಳೆ ಬೆಳಿಗ್ಗೆ ಕೌಂಟಿಯ ಡ್ಯಾಮ್ ಇಂಜಿನಿಯರ್‌ಗೆ ಕಳಿಸಿ. ‘ನಾನು ಕೆಳಗಿನ ಮನೆ ಕೊಳ್ಳುತ್ತಿದ್ದೇನೆ, ಒದ್ದೆ ಜಾಗ ಹಬ್ಬಿದ ಹಾಗೆ ಕಾಣುತ್ತಿದೆ’ ಅಂತ ಎರಡೇ ಸಾಲು ಬರೆಯಿರಿ. ಅವರು ಬಂದು ನೋಡಿ ಏನಂತಾರೆ ತಿಳಿಯೋವರೆಗೆ ಆಫರ್ ಹಾಕಬೇಡಿ. ಡ್ಯಾಮ್ ಒಡೆಯೋ ಹಾಗಾದರೆ ಏನು ಮಾಡಬೇಕು ಅನ್ನೋ ಎಮರ್ಜೆನ್ಸಿ ಪ್ಲ್ಯಾನ್‌ನಲ್ಲಿ ಆ ಬೀದಿಯ ಫೋನ್ ಪಟ್ಟಿ ಇದೆಯಾ ಅಂತಲೂ ಅದೇ ಇಮೇಲ್‌ನಲ್ಲಿ ಕೇಳಿ.